ಹೆಪ್ಪು ತಂದವಳು

ಹಗಲೆಲ್ಲ ಆ ಹೊಳೆ ಎಲ್ಲ ಹೊಳೆಗಳ ಹಾಗೆ ನೀರಿನ ಬಣ್ಣದ್ದೇ. ಬಿಸಿಲು ಇಳಿಯತೊಡಗಿದಾಗ ಮಾತ್ರ ಆಚೆ ದಡದಿಂದ ಒಂದು ಬಿಳಿ ಗೆರೆ ಹೊರಡುತ್ತಿತ್ತು. ಗೆರೆ ಅಗಲವಾಗುತ್ತ, ಹರಡುತ್ತ, ದೀಪ ಹಚ್ಚುವ ಹೊತ್ತಿಗೆ ಹೊಳೆಗೆ ಹೊಳೆಯೇ ಬೆಳ್ಳಗಾಗಿಬಿಡುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆಯೇನೋ ಇದೆ. ಆದರೆ ಇದು ಹಾಲೇ. ಆಚೆಯ ಊರಿನವರು ಕುಡಿದು ಮಿಕ್ಕ ಹಾಲನ್ನು ದಿನವೂ ಹೊಳೆಗೆ ಚೆಲ್ಲುತ್ತಿದ್ದರು. ಮೊಸರು ಎಂಬುದೊಂದಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಹಾಲು ಕರೆಯಬೇಕು, ಕುಡಿಯಬೇಕು, ಉಳಿದದ್ದನ್ನು ಕೆಡುವ ಮೊದಲು ಚೆಲ್ಲಬೇಕು. ಅವರಿಗೆ ತಿಳಿದ ದಾರಿ ಅಷ್ಟೇ.

ಈಚೆ ದಡದ ಊರಿನಲ್ಲಿ ಒಂದು ಮೊಸರಿನ ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವರು ಇಬ್ಬರು ಹೆಂಗಸರು, ಅತ್ತಿಗೆ ಮತ್ತು ನಾದಿನಿ. ಅವರಿಬ್ಬರನ್ನು ನಂಟರನ್ನಾಗಿ ಮಾಡಿದ ಗಂಡಸರು ಹೋದಲ್ಲಿಗೆ ಹೋದರು, ನಮ್ಮ ಕಥೆಗೆ ಅವರು ಬೇಕಿಲ್ಲ. ನಾದಿನಿಗೆ ಚಂದದ ಹೆಸರೊಂದಿತ್ತು, ಓಣಿಯವರು ಹೊತ್ತು ಹೊತ್ತಿಗೂ ಅದನ್ನು ಹಿಡಿದು ಕೂಗುತ್ತಿದ್ದರು. ನಮಗೆ ಸದ್ಯಕ್ಕೆ ನಾದಿನಿ ಎಂದರೆ ಸಾಕು.

ಅಂಗಡಿಯ ಒಳಕೋಣೆಯಲ್ಲಿ, ನೆಲುವಿನ ಮೇಲೆ, ಹೊಗೆ ಕುಡಿದು ಕಪ್ಪಾದ ಒಂದು ಗಡಿಗೆ ತೂಗುತ್ತಿತ್ತು. ಅದು ತಾಯಿ ಗಡಿಗೆ. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಹೆಪ್ಪು, ಇವತ್ತಿನ ಮೊಸರು ನಾಳಿನ ಹಾಲಿಗೆ ಹೆಪ್ಪು. ಯಾವ ಅಜ್ಜಿಯ ಕೈ ಮೊದಲ ಹೆಪ್ಪು ಹಾಕಿತೋ ಯಾರಿಗೂ ತಿಳಿಯದು. ಎಷ್ಟೇ ಗಿರಾಕಿಗಳು ಬರಲಿ, ತಳದಲ್ಲಿ ಒಂದು ಸೌಟು ಉಳಿಸಿಯೇ ಉಳಿಸುತ್ತಿದ್ದರು. ಯಾರ ಮನೆಯ ಗಡಿಗೆ ಬರಿದಾದರೂ ಇಲ್ಲಿಗೆ ಬಂದು ಬಟ್ಟಲು ಹಿಡಿಯುತ್ತಿದ್ದರು. ಹೆಪ್ಪು ಬೇಡಿದವರಿಗೆ ಇಲ್ಲವೆನ್ನಬಾರದು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು. ಹೆಪ್ಪು ಒಯ್ದ ಬಟ್ಟಲು ಬರಿದಾಗಿ ಮರಳಬಾರದು, ನಾಲ್ಕು ಹೂವಾದರೂ ಹಾಕಿ ಕೊಡಬೇಕು. ಆ ಊರಿನ ಮಕ್ಕಳು ಮಾತು ಕಲಿಯುವ ಮೊದಲೇ ಈ ಮೂರನ್ನೂ ಕಲಿಯುತ್ತಿದ್ದರು.

ನಾದಿನಿ ದಿನಾ ಸಂಜೆ ಅಂಗಡಿಯ ಕಟ್ಟೆಯ ಮೇಲೆ ನಿಂತು ಹೊಳೆ ನೋಡುತ್ತಿದ್ದಳು. ಬೇರೆಯವರಿಗೆ ಅದು ನೋಟ, ಇವಳಿಗೆ ಹೊಟ್ಟೆಯುರಿ. ಈಚೆ ದಡದಲ್ಲಿ ಹಾಲಿಗೆ ಕಾಯಬೇಕು, ಗೌಳಿಗಳ ಹಿಂದೆ ಅಲೆಯಬೇಕು, ಸಿಕ್ಕ ಚೊಂಬು ಹಾಲಿಗೆ ಹಿಗ್ಗಬೇಕು. ಆಚೆ ದಡದಲ್ಲಿ ಹೊಳೆ ಬೆಳ್ಳಗಾಗುವಷ್ಟು ಹಾಲು. ಅಷ್ಟು ಹಾಲಿಗೆ ಹೆಪ್ಪು ಹಾಕಿದರೆ ಎಷ್ಟು ಗಡಿಗೆ, ಎಷ್ಟು ಬೆಣ್ಣೆ, ಎಷ್ಟು ಕಡಗೋಲಿನ ಸದ್ದು ಎಂದು ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕುತ್ತಿದ್ದಳು. ಓಣಿಯವರು ನಗುತ್ತಿದ್ದರು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಿದ್ದರು, ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಿದ್ದರು. ಅವಳು ತಾನೂ ನಕ್ಕು ಮತ್ತೆ ಹೊಳೆ ನೋಡುತ್ತಿದ್ದಳು.

ಆಚೆಯ ಊರಿಗೆ ಹೋಗಲು ದೋಣಿಯಿತ್ತು, ಅಂಬಿಗನಿದ್ದ. ಇಲ್ಲದ್ದು ಒಳಗೆ ಬಿಡುವ ಬಾಗಿಲು. ದಡದ ಮೆಟ್ಟಿಲು ಹತ್ತಿದರೆ ಕಲ್ಲಿನ ಹೆಬ್ಬಾಗಿಲು, ಅದರ ಕೆಳಗೆ ಹೊಸ್ತಿಲು, ಹೊಸ್ತಿಲ ಮೇಲೆ ಬಾಗಿಲಿನವನು. ಅವನು ಬಂದವರ ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ, ಯಾರ ಮಗಳೆಂದು ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ ಮಾತು: ಏನು ತಂದಿರಿ, ತಂದದ್ದು ಇಲ್ಲಿ ಬೆಳೆಯುವುದೇ? ಆ ಊರಿನೊಳಗೆ ಮನುಷ್ಯರಿಗೆ ಪ್ರವೇಶವಿರಲಿಲ್ಲ, ಕಸುಬಿಗೆ ಪ್ರವೇಶವಿತ್ತು. ಕಸುಬು ಒಳಗೆ ಹೋಗುವಾಗ ಅದನ್ನು ಹೊತ್ತವರೂ ಅದರ ಜೊತೆಗೆ ಹೋಗಬಹುದಿತ್ತು, ಎತ್ತಿನ ಕೊರಳ ಗಂಟೆ ಎತ್ತಿನ ಜೊತೆಗೆ ಹೋಗುವ ಹಾಗೆ.

ಇನ್ನೊಂದು ಕಟ್ಟಳೆಯನ್ನು ಅಂಬಿಗ ಹೇಳುತ್ತಿದ್ದ. ಒಳಗೆ ಒಯ್ದ ಕಸುಬು ಮಗಳು, ಹಿಂದೆ ಉಳಿದದ್ದು ತಾಯಿ. ಮಗಳು ಆಚೆ ಬೆಳೆಯುವಾಗ ತಾಯಿ ಈಚೆ ಬದುಕಿರಬೇಕು, ಒಂದು ದಿನವೂ ತಪ್ಪಬಾರದು. ಹೊಂಗೆ ಹೂ ಬಿಟ್ಟು ಮತ್ತೆ ಹೊಂಗೆ ಹೂ ಬಿಡುವ ಹೊತ್ತಿಗೆ ತಾಯಿಯನ್ನೂ ಮಗಳನ್ನೂ ಹೊಸ್ತಿಲಿಗೆ ತಂದು ಹೋಲಿಸಬೇಕು. ಎರಡೂ ಒಂದೇ ಎಂದಾದರೆ ಇನ್ನೊಂದು ಹೊಂಗೆಯ ತನಕ ಇರಬಹುದು. ಇಲ್ಲವೆಂದಾದರೆ ತಂದದ್ದನ್ನು ಹೊಸ್ತಿಲ ಮೇಲೆ ಬೋರಲು ಹಾಕಿ, ನಿಂತ ದೋಣಿಯಲ್ಲೇ ಮರಳಬೇಕು. ಮತ್ತೆ ಆ ಬಾಗಿಲು ತೆರೆಯುವುದಿಲ್ಲ.

ಇದನ್ನು ಕೇಳಿದ ದಿನ ನಾದಿನಿ ಅತ್ತಿಗೆಯ ಮುಂದೆ ಕೂತಳು. ಅತ್ತಿಗೆಯನ್ನು ಅವಳು ವೈನಿ ಎಂದು ಕರೆಯುತ್ತಿದ್ದಳು.

"ವೈನಿ, ಅಷ್ಟು ಹಾಲು ಸುಮ್ಮನ ನೀರಿಗೆ ಹೊಂಟೈತಿ. ನನ್ನ ಕೈ ಸುಮ್ಮನ ಇರವಲ್ದು."

ಅತ್ತಿಗೆ ಕಡಗೋಲು ನಿಲ್ಲಿಸಲಿಲ್ಲ. ಇವಳು ಒಂದು ದಿನ ಇದನ್ನು ಕೇಳುತ್ತಾಳೆಂದು ಅತ್ತಿಗೆಗೆ ಯಾವಾಗಲೋ ಗೊತ್ತಿತ್ತು.

"ಹೋಗು," ಎಂದಳು ಕಡೆಗೆ. "ಈ ಕಡೆ ಗಡಿಗಿ ನಾ ನೋಡ್ಕೋತೀನಿ. ನಿನ್ನ ಸಲುವಾಗಿ ಒಂದ್ ದಿನಾನೂ ತಪ್ಪಸಂಗಿಲ್ಲ."

ಹೊರಡುವ ದಿನ ಹೊಂಗೆ ಮರದ ಕೆಳಗೆಲ್ಲ ಹೂ ಉದುರಿತ್ತು. ನಾದಿನಿ ತಾಯಿ ಗಡಿಗೆಯಿಂದ ಹೆಪ್ಪು ತೆಗೆದು ಒಂದು ಕುಡಿಕೆಗೆ ಹಾಕಿದಳು, ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿದಳು, ಕಂಬಳಿಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಳು. ಅಷ್ಟರಲ್ಲಿ ಓಣಿಗೆ ಓಣಿಯೇ ಅಂಗಡಿಯ ಮುಂದೆ ನೆರೆದಿತ್ತು. ಆ ಊರಿನ ಪದ್ಧತಿ ಹೀಗೆ: ದೂರ ಹೊರಟವರು, ಬೀಳ್ಕೊಡಲು ಬಂದವರ ಅಂಗೈಗೆಲ್ಲ ತಮ್ಮ ಕೈಯಾರೆ ಮೊಸರು ಹಾಕಬೇಕು. ಬಂದವರ ಅಂಗೈ ಒಣಗಿ ಹೋದರೆ ಹೊರಟವರ ದಾರಿ ಒಣಗುತ್ತದೆ. ಇನ್ನೂ ಒಂದಿತ್ತು. ಯಾರಾದರೂ ಹೊರಟು ನಿಂತಾಗ ಮನೆಯವರು ಇಲ್ಲ, ಮುಗಿಯಿತು, ತೀರಿತು ಎಂಬ ಮಾತು ಆಡಕೂಡದು.

ನಾದಿನಿ ತಾಯಿ ಗಡಿಗೆಯನ್ನೇ ಮುಂದಿಟ್ಟುಕೊಂಡು ಸೌಟು ಹಿಡಿದು ನಿಂತಳು. ನಕ್ಕವರೂ ಬಂದಿದ್ದರು, ಗಾದೆ ಹೇಳಿದವರೂ ಬಂದಿದ್ದರು, ಎಂದೂ ಅಂಗಡಿಯ ಮೆಟ್ಟಿಲು ಹತ್ತದವರೂ ಬಂದಿದ್ದರು. ಅವಳ ಹಿಗ್ಗು ಹೇಳತೀರದು. ಒಬ್ಬೊಬ್ಬರ ಅಂಗೈಗೂ ಕೈತುಂಬ ಹಾಕಿದಳು, ಮಕ್ಕಳಿಗೆ ಎರಡೆರಡು ಸಲ ಹಾಕಿದಳು, ಮುದುಕಿಯರಿಗೆ ತಾನೇ ಬಾಯಿಗಿಟ್ಟಳು. ನಡುವೆ ಎಲ್ಲೋ ಸೌಟು ತಳಕ್ಕೆ ತಾಗಿ ಕರಕರ ಎಂದಿತು. ಆ ಗದ್ದಲದಲ್ಲಿ ಅದು ಅವಳ ಕಿವಿಯ ಮೇಲೆ ಬಿದ್ದು ಜಾರಿ ಹೋಯಿತು. ಅತ್ತಿಗೆ ಮಾತ್ರ ತಟ್ಟನೆ ತಿರುಗಿ ಗಡಿಗೆಯ ಕಡೆ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಹೇಳದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಗಲಿಕೆಯ ದುಃಖ ಎಂದುಕೊಂಡು ನಾದಿನಿ ಅವಳ ಕೈ ಹಿಡಿದು ಒತ್ತಿದಳು, ದೋಣಿ ಹತ್ತಿದಳು.

ದೋಣಿ ನಡುಹೊಳೆಗೆ ಬಂದಾಗ ಆಚೆಯಿಂದ ಬಿಳಿ ಗೆರೆ ಹೊರಟಿತ್ತು. ಹುಟ್ಟು ಹಾಲಿನೊಳಗೆ ಮುಳುಗಿ ಏಳುತ್ತಿತ್ತು. ನಾದಿನಿ ಬಗ್ಗಿ ಬೊಗಸೆ ತುಂಬಿಕೊಂಡಳು, ಬೊಗಸೆಯಲ್ಲಿ ನೀರೂ ಇತ್ತು, ಹಾಲೂ ಇತ್ತು. ಅವಳು ಅದನ್ನು ಮುಖಕ್ಕೆ ಹಚ್ಚಿಕೊಂಡು ಜೋರಾಗಿ ನಕ್ಕಳು. ಅಂಬಿಗ ಇಂಥವರನ್ನು ಬೇಕಾದಷ್ಟು ಕಂಡಿದ್ದ, ಸುಮ್ಮನೆ ಹುಟ್ಟು ಹಾಕಿದ.

ಹೆಬ್ಬಾಗಿಲ ಮೇಲೆ ಕಲ್ಲಿನಲ್ಲಿ ಎರಡು ಸಾಲು ಕೊರೆದಿದ್ದರು. ಒಳಗೆ ತಂದವರು ಹೊರಗಿನವರು. ಹೊರಗೆ ಕೊಟ್ಟವರು ಒಳಗಿನವರು. ಮೊದಲ ಸಾಲು ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ಯಾರೂ ಓದುವ ಗೋಜಿಗೆ ಹೋಗುತ್ತಿರಲಿಲ್ಲ, ಅದರ ಅಕ್ಷರಗಳ ಸಂದಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟಿತ್ತು.

"ಏನು ತಂದಿರಿ? ತಂದದ್ದು ಇಲ್ಲಿ ಬೆಳೆಯುವುದೇ?" ಎಂದು ಕೇಳಿದ ಬಾಗಿಲಿನವನು.

ಅವಳು ಕಂಬಳಿ ಬಿಚ್ಚಿ ಕುಡಿಕೆ ತೋರಿಸಿದಳು. ಅವನು ಒಂದು ಹನಿ ನಾಲಿಗೆಗಿಟ್ಟು ಕಣ್ಣು ಮುಚ್ಚಿದ, ಬಹಳ ಹೊತ್ತು ಮುಚ್ಚಿಯೇ ಇದ್ದ. ಆಮೇಲೆ ದಾರಿ ಬಿಟ್ಟ. ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದಾಗ ಅವಳಿಗೆ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಆ ಗಳಿಗೆಯಿಂದ ಊರಿನವರೆಲ್ಲ ಅವಳನ್ನು ಹೆಪ್ಪಿನವಳು ಎಂದರು.

ಊರಿನ ಬೀದಿಗಳಲ್ಲಿ ಮನೆಮನೆಯ ಮುಂದೆ ದನ, ದನದ ಪಕ್ಕದಲ್ಲಿ ತುಂಬಿದ ತಂಬಿಗೆಗಳು. ಸಂಜೆಯಾದರೆ ಹಾಲು ಚೆಲ್ಲುವವಳು ಕೈಗಾಡಿಯ ಮೇಲೆ ಹಿತ್ತಾಳೆ ಕೊಪ್ಪರಿಗೆ ಇಟ್ಟುಕೊಂಡು ಬರುತ್ತಿದ್ದಳು. ಮನೆಮನೆಯ ಉಳಿದ ಹಾಲನ್ನು ಕೊಪ್ಪರಿಗೆಗೆ ಹಾಕಿಸಿಕೊಳ್ಳುತ್ತ, ಹೊಳೆಯ ಮೆಟ್ಟಿಲಿಗೆ ಒಯ್ದು ಬೋರಲು ಹಾಕುತ್ತಿದ್ದಳು. ಅವಳ ಅಮ್ಮನೂ ಹಾಲು ಚೆಲ್ಲುವವಳೇ, ಅವಳ ಅಜ್ಜಿಯೂ ಹಾಲು ಚೆಲ್ಲುವವಳೇ.

ನಾದಿನಿಗೆ ಬೀದಿಯ ಕೊನೆಯಲ್ಲಿ ಒಂದು ಒಲೆ, ಒಂದು ಸೂರು ಕೊಟ್ಟರು, ಬೇಕಾದಷ್ಟು ಹಾಲು ಕೊಟ್ಟರು. ಅವಳು ಕೈಕಾಲು ತೊಳೆದು, ಹಾಲು ಕಾಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿದಳು. ಹಾಲು ಹಾಲಾಗಿಯೇ ಉಳಿಯಿತು. ಮತ್ತೆ ಹಾಕಿದಳು, ಮತ್ತೆ ಹಾಗೆಯೇ. ಆ ಊರಿನಲ್ಲಿ ಚಳಿ, ಕಲ್ಲಿನ ಗೋಡೆಗಳು ಒಲೆಯ ಕಾವನ್ನೆಲ್ಲ ನುಂಗುತ್ತಿದ್ದವು. ಹೆಪ್ಪಿಗೆ ಊರು ಹಿಡಿಸಿರಲಿಲ್ಲ. ನೋಡನೋಡುತ್ತ ಕುಡಿಕೆಯ ತಳದಲ್ಲಿ ಒಂದೇ ಒಂದು ಸೌಟು ಉಳಿಯಿತು. ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ತನಗೆ ಬೇಕಾದ ಹಾಲೆಲ್ಲ ಸುತ್ತ ಇದೆ, ಕೈಯಲ್ಲಿ ಮಾತ್ರ ಒಂದು ಸೌಟು. ಇದೂ ಕೆಟ್ಟರೆ ಈ ಊರಿನಲ್ಲಿ ತಾನು ಏನೂ ಅಲ್ಲ.

ಬೆಳಿಗ್ಗೆ ಎದ್ದು ಆ ಕೊನೆಯ ಸೌಟನ್ನು ಹಾಲಿಗೆ ಹಾಕಿದಳು. ಗಡಿಗೆಯನ್ನು ನೆಲಕ್ಕಿಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡಳು. ತನಗೂ ಗಡಿಗೆಗೂ ಸೇರಿಸಿ ಕಂಬಳಿ ಹೊದ್ದಳು, ಒಲೆಯ ಮುಂದೆ ಕಾಲು ಮಡಿಸಿ ಕೂತಳು. ಉಣ್ಣಲಿಲ್ಲ, ಏಳಲಿಲ್ಲ, ಅಲುಗಾಡಲಿಲ್ಲ. ಎಳೆಗೂಸಿಗೆ ಹಾಡುವ ಹಾಗೆ ಗಡಿಗೆಗೆ ಜೋಗುಳ ಹಾಡಿದಳು. ಬೀದಿಯವರು ಕಿಟಕಿಯಲ್ಲಿ ಇಣುಕಿ, ಹೆಪ್ಪಿನವಳು ಗಡಿಗೆ ಹಡೆಯುತ್ತಿದ್ದಾಳೆ ಎಂದು ಗೇಲಿ ಮಾಡಿ ಹೋದರು. ಬಿಸಿಲು ಇಳಿಯುವಾಗ ಅವಳು ಕಂಬಳಿ ಸರಿಸಿ ಗಡಿಗೆಯನ್ನು ಮೆಲ್ಲಗೆ ಓರೆ ಮಾಡಿದಳು. ಹಾಲು ಅಲುಗಲಿಲ್ಲ. ಇನ್ನೂ ಓರೆ ಮಾಡಿದಳು. ಅಲುಗಲಿಲ್ಲ.

ಅವಳು ಬರಿಗಾಲಲ್ಲೇ ಬೀದಿಗೆ ಓಡಿದಳು. ಸರಿಯಾಗಿ ಆಗಲೇ ಕೈಗಾಡಿ ಬರುತ್ತಿತ್ತು. ಹಾಲು ಚೆಲ್ಲುವವಳು ಗಡಿಗೆ ಕಂಡವಳೇ ದಿನದ ರೂಢಿಯಂತೆ ಇವಳ ಕೈಯಿಂದ ಕಿತ್ತುಕೊಂಡು, ಕೊಪ್ಪರಿಗೆಯ ಮೇಲೆ ಬಗ್ಗಿಸಿದಳು. ಏನೂ ಬೀಳಲಿಲ್ಲ. ಹಾಲು ಚೆಲ್ಲುವವಳು ಗಡಿಗೆಯೊಳಗೆ ನೋಡಿದಳು, ನಾದಿನಿಯ ಮುಖ ನೋಡಿದಳು, ಮತ್ತೆ ಬಗ್ಗಿಸಿದಳು. ಅವಳ ಬದುಕಿನಲ್ಲಿ ಚೆಲ್ಲಿದರೂ ಚೆಲ್ಲದ ಹಾಲನ್ನು ಅವಳು ಕಂಡಿರಲಿಲ್ಲ. ಬೀದಿಗೆ ಬೀದಿಯೇ ಸೇರಿತು. ನಾದಿನಿ ಸೌಟು ತಂದು ಅವಳ ಅಂಗೈಗೆ ಮೊದಲು ಹಾಕಿದಳು, ಆಮೇಲೆ ಎಲ್ಲರ ಅಂಗೈಗೂ. ಈ ಸಲ ತಳದಲ್ಲಿ ಒಂದು ಸೌಟು ಉಳಿಸಿ ಕೈ ತಡೆದಳು.

ಆಮೇಲಿನ ದಿನಗಳು ಹಬ್ಬದ ದಿನಗಳು. ಊರಿನ ಕುಂಬಾರ ಗಡಿಗೆ ಮಾಡಿ ಮಾಡಿ ದಣಿದ. ಮಕ್ಕಳು ಹಾಲು ಕುಡಿಯಲು ರಗಳೆ ಮಾಡಿ ಮೊಸರಿಗೆ ಹಟ ಹಿಡಿದವು. ಒಂದು ಸಂಜೆ ಮಾತ್ರ ಹಾಲು ಚೆಲ್ಲುವವಳು ಬಂದು ನಾದಿನಿಯ ಕಟ್ಟೆಯ ಮೇಲೆ ಕೂತು, ಎಲ್ಲರೂ ಹಾಲು ಉಳಿಸಿಕೊಂಡರೆ ತನ್ನ ಕೈಗೆ ಏನು ಕೆಲಸ ಎಂದು ಕೇಳಿದಳು. ಆ ಮಾತಿನಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಅಂಜಿಕೆಯಿತ್ತು. ನಾದಿನಿ ಒಳಗೆ ಹೋಗಿ ಹೆಪ್ಪಿನ ಬಟ್ಟಲು ತಂದು ಅವಳ ಕೈಗಿಟ್ಟಳು. ಮಡಿಲಲ್ಲಿ ಇಟ್ಟುಕೊಳ್ಳುವುದನ್ನು ಹೇಳಿಕೊಟ್ಟಳು, ಜೋಗುಳವನ್ನೂ ಹೇಳಿಕೊಟ್ಟಳು. ಮರುದಿನ ಆ ಬಟ್ಟಲು ಹೂ ತುಂಬಿಕೊಂಡು ಮರಳಿತು, ಪದ್ಧತಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಿತ್ತಾಳೆ ಕೊಪ್ಪರಿಗೆ ಬೆಣ್ಣೆ ಕಾಸುವ ಪಾತ್ರೆಯಾಯಿತು. ಅವಳ ಮನೆಯಿಂದ ಹೆಪ್ಪು ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಅದರ ಪಕ್ಕದ ಮನೆಗೆ.

ಹೊಳೆ ದಿನದಿನಕ್ಕೆ ತಿಳಿಯಾಗತೊಡಗಿತು. ಈಚೆ ದಡದವರಿಗೆ ಬೇರೆ ಸುದ್ದಿ ಬೇಕಿರಲಿಲ್ಲ. ಸಂಜೆಯ ನೀರು ನೋಡಿ, ಅವಳ ಕೈ ನಡೆದಿದೆ ಎಂದು ತಮ್ಮ ತಮ್ಮಲ್ಲಿ ಹೇಳಿಕೊಂಡು ಬೀಗುತ್ತಿದ್ದರಂತೆ, ಗಾದೆ ಹೇಳಿದವರು ಎಲ್ಲರಿಗಿಂತ ಹೆಚ್ಚು. ಇದನ್ನೆಲ್ಲ ಅಂಬಿಗ ಬಂದು ಹೇಳುತ್ತಿದ್ದ. ತಾಯಿ ಗಡಿಗೆ ಹೇಗಿದೆ ಎಂದು ಇವಳು ಪ್ರತಿ ಸಲ ಕೇಳುತ್ತಿದ್ದಳು. ಗಡಿಗೆ ಒಂದು ದಿನವೂ ತಪ್ಪಿಲ್ಲ ಎಂದು ಅತ್ತಿಗೆ ಪ್ರತಿ ಸಲ ಹೇಳಿ ಕಳಿಸುತ್ತಿದ್ದಳು. ಈ ಊರಿನಲ್ಲಿ ಎಲ್ಲ ಇದೆ, ಖಾರ ಒಂದಿಲ್ಲ, ನಾಲ್ಕು ಒಣಮೆಣಸಿನಕಾಯಿಗೆ ಬಾಯಿ ಬಿಡುತ್ತಿದ್ದೇನೆ ಎಂದು ನಾದಿನಿ ಹೇಳಿ ಕಳಿಸಿದಳು. ಅದಕ್ಕೆ ಮಾತ್ರ ಬಹಳ ದಿನ ಉತ್ತರ ಬರಲಿಲ್ಲ.

ಅವಳು ಸುಖವಾಗಿದ್ದಳು, ಸುಳ್ಳೇಕೆ ಹೇಳಬೇಕು. ಬೆಳಗಾದರೆ ಕೈಗೆ ಕೆಲಸ, ಸಂಜೆಯಾದರೆ ಕಟ್ಟೆಯ ತುಂಬ ಜನ. ಒಂದೇ ಒಂದು ಮುಳ್ಳು ಮುರಿದು ಒಳಗೆ ಉಳಿದಿತ್ತು. ಹೆಪ್ಪಿನವಳು ಬಂದಳು, ಹೆಪ್ಪಿನವಳು ಹೋದಳು. ಹೆಪ್ಪು ಇಲ್ಲದಿದ್ದರೆ ಅವಳು ಯಾರು ಎಂದು ಯಾರೂ ಕೇಳಲಿಲ್ಲ. ಒಮ್ಮೆ ಒಲೆಯ ಮುಂದೆ ಕೂತು ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿ ನೋಡಿದಳು. ಯಾರೋ ನೆರೆಮನೆಯವಳ ಹೆಸರಿನ ಹಾಗೆ ಕೇಳಿಸಿತು, ಅವಳಿಗೆ ಅಳು ಬಂತು. ಆ ಊರಿನಲ್ಲಿ ಹೆಸರು ಕೇಳಿಸಿಕೊಳ್ಳುವವರು ಒಳಗಿನವರು ಮಾತ್ರ. ಉಳಿದವರು ಹೊಂಗೆಯಿಂದ ಹೊಂಗೆಗೆ ಬದುಕುವವರು.

ಹೊಂಗೆ ಮತ್ತೆ ಹೂ ಬಿಟ್ಟಿತು.

ನಾದಿನಿ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಮಗಳು ಗಡಿಗೆಯನ್ನು ತಲೆಯ ಮೇಲೆ ಹೊತ್ತು, ಒಂದು ಬಟ್ಟಲು ಒಂದು ಸೌಟು ಹಿಡಿದು ಹೆಬ್ಬಾಗಿಲಿಗೆ ಹೊರಟಳು. ಹಿಂದೆ ಹಾಲು ಚೆಲ್ಲುವವಳು, ಅವಳ ಹಿಂದೆ ಅರ್ಧ ಊರು. ಇಷ್ಟು ಜನರ ಮುಂದೆ ವೈನಿಯನ್ನು ನೋಡುತ್ತೇನೆ, ನನ್ನ ಗಡಿಗೆ ತೋರಿಸುತ್ತೇನೆ ಎಂಬ ಉತ್ಸಾಹದಲ್ಲಿ ಅವಳು ನಡೆಯುತ್ತಿರಲಿಲ್ಲ, ಓಡುತ್ತಿದ್ದಳು. ಹೊಳೆಯಲ್ಲಿ ಗಾಳಿ ಎದುರಾಗಿ ದೋಣಿ ತಡವಾಯಿತು. ಅತ್ತಿಗೆ ತಾಯಿ ಗಡಿಗೆ ಹೊತ್ತು ಮೆಟ್ಟಿಲು ಹತ್ತುವ ಹೊತ್ತಿಗೆ ಬಿಸಿಲು ಕೆಂಪಗಾಗಿತ್ತು. ಅವಳು ಸೊರಗಿದ್ದಳು. ಕಣ್ಣೆತ್ತಿ ನಾದಿನಿಯನ್ನು ನೋಡಲಿಲ್ಲ.

ಒಬ್ಬಳು ಹೊಸ್ತಿಲ ಈಚೆ, ಒಬ್ಬಳು ಹೊಸ್ತಿಲ ಆಚೆ. ನಡುವೆ ಬಾಗಿಲಿನವನು. ಅವನು ತಾಯಿಯ ಒಂದು ಹನಿ ನಾಲಿಗೆಗಿಟ್ಟ, ಬಾಯಿ ಮುಕ್ಕಳಿಸಿದ, ಮಗಳ ಒಂದು ಹನಿ ನಾಲಿಗೆಗಿಟ್ಟ. ಮತ್ತೊಮ್ಮೆ ತಾಯಿಯದು, ಮತ್ತೊಮ್ಮೆ ಮಗಳದು. ಅವನ ಹುಬ್ಬು ಗಂಟಿಕ್ಕಿತು.

"ಹಾಲು ಬೇರೆಯಾದರೆ ಸಿಹಿ ಬೇರೆಯಾಗುತ್ತದೆ, ಅದು ಸಹಜ. ಹುಳಿ ಬೇರೆಯಾಗಬಾರದು," ಎಂದ. "ಇವೆರಡೂ ತಾಯಿ ಮಗಳಲ್ಲ."

ನಾದಿನಿಗೆ ಅವನ ಮಾತು ಅರ್ಥವಾಗಲಿಲ್ಲ. ಅತ್ತಿಗೆಯ ಮುಖ ನೋಡಿದ ಮೇಲೆ ಅರ್ಥವಾಯಿತು. ಅತ್ತಿಗೆ ಗಡಿಗೆಯನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕುಸಿದಳು.

"ನೀ ಹೊಂಟ ದಿನಾನ ಗಡಿಗಿ ಬರಿದಾತವಾ. ನೀ ಕೈತುಂಬ ನೀಡಾಕ್ಹತ್ತಿದ್ದಿ. ಹೊಂಟವಳ ಮುಂದ ಇಲ್ಲ ಅನ್ನೂದು ಹೆಂಗ?"

ಉಳಿದದ್ದನ್ನು ಅವಳು ಬಿಕ್ಕುತ್ತಲೇ ಹೇಳಿದಳು. ದೋಣಿ ಕಣ್ಮರೆಯಾಗುವಾಗ ಓಣಿಯಲ್ಲಿ ದೀಪ ಹಚ್ಚಿಯಾಗಿತ್ತು, ಯಾರ ಮನೆಯಲ್ಲೂ ಹೆಪ್ಪು ಕೇಳುವಂತಿರಲಿಲ್ಲ. ಬೆಳಗಿನ ತನಕ ಕಾದರೆ ಒಂದು ದಿನ ತಪ್ಪುತ್ತಿತ್ತು. ಮೆಣಸಿನಕಾಯಿಯ ತೊಟ್ಟು ಹಾಕಿದರೆ ಹೆಪ್ಪಿಲ್ಲದ ಹಾಲೂ ಹೆಪ್ಪುಗಟ್ಟುತ್ತದೆ ಎಂದು ಹಿರಿಯರು ಹೇಳಿದ್ದು ನೆನಪಾಯಿತು. ಹಾಗೆ ಮಾಡಿದಳು. ಮೊಸರೇನೋ ಆಯಿತು, ಆದರೆ ಅದು ಬೇರೆಯದೇ ಮೊಸರು. ಮರುದಿನ ನೆರೆಯವರನ್ನು ಕೇಳಬಹುದಿತ್ತು. ಹೆಪ್ಪು ಕೊಡುವ ಅಂಗಡಿಯೇ ಹೆಪ್ಪು ಬೇಡಿತು ಎಂಬ ಸುದ್ದಿ ಹೊಳೆ ದಾಟಿದರೆ ನಾದಿನಿಯ ಗತಿ ಏನು ಎಂದು ಬಾಯಿ ಬಿಗಿಹಿಡಿದಳು. ಆ ಹೊಂಗೆಯಿಂದ ಈ ಹೊಂಗೆಯ ತನಕ ಒಂದು ದಿನವೂ ತಪ್ಪಿಸದೆ, ತಾಯಿಯಲ್ಲದ ತಾಯಿಯನ್ನು ಸಾಕಿದ್ದಳು.

ನಾದಿನಿಯ ಕಿವಿಯಲ್ಲಿ ಸೌಟು ತಳಕ್ಕೆ ತಾಗಿದ ಸದ್ದು ಈಗ ಕೇಳಿಸಿತು. ಕರಕರ ಎಂದಿತ್ತು. ಕೆರೆದವಳು ತಾನೇ.

ಬಾಗಿಲಿನವನು ಕೆಟ್ಟವನಲ್ಲ. ಗಡಿಗೆಯನ್ನು ಬೋರಲು ಹಾಕಿ ದೋಣಿ ಹತ್ತಿ ಎಂದು ಮೆಲ್ಲಗೇ ಹೇಳಿದ. ಹೇಳಿ, ಹೊತ್ತು ಮುಳುಗುತ್ತ ಬಂದದ್ದರಿಂದ ಹೆಬ್ಬಾಗಿಲ ಗೂಡಿನ ಹಣತೆಗೆ ಬತ್ತಿ ಹೊಸೆಯತೊಡಗಿದ.

ನಾದಿನಿಯ ಕಣ್ಣು ಆ ಬತ್ತಿಯ ಮೇಲೆ ಬಿತ್ತು. ಈ ಊರು ತಪ್ಪಿತು, ಇಷ್ಟು ಹಾಲು ತಪ್ಪಿತು, ಕಟ್ಟೆ ತಪ್ಪಿತು ಎಂದು ಎದೆ ಒಡೆಯುತ್ತಿದ್ದರೂ ಅವಳ ಕೈಗೆ ಹೊಳೆದದ್ದು ಬೇರೆ. ಎದುರಿಗೆ ಹೆಪ್ಪಿಲ್ಲದ ಮನೆಯವಳು ಕೂತಿದ್ದಾಳೆ. ತನ್ನ ಬಳಿ ಹೆಪ್ಪಿದೆ. ಇನ್ನೂ ದೀಪ ಹಚ್ಚಿಲ್ಲ.

"ಯಪ್ಪಾ, ದೀಪ ಹಚ್ಚಬ್ಯಾಡ, ಚಣಹೊತ್ತು ತಡಿ," ಎಂದಳು. ಅವಸರವಸರವಾಗಿ ಗಡಿಗೆಗೆ ಸೌಟು ಹಾಕಿ ಬಟ್ಟಲು ತುಂಬಿದಳು. "ವೈನಿ, ಹಿಡಿ. ಮದಲ ಮನಿಗೆ ಹೆಪ್ಪು ಹೋಗ್ಲಿ. ನಾ ಹಿಂದಿಂದ ಬರ್ತೀನಿ."

ಅವಳ ಕೈ ಹೊಸ್ತಿಲ ಮೇಲಿಂದ ಆಚೆಗೆ ಚಾಚಿತು. ಮಗಳು ತಾಯಿಗೆ ಹೆಪ್ಪು ಕೊಡುವುದು ಎಲ್ಲಾದರೂ ಉಂಟೇ ಎಂದು ಬಾಗಿಲಿನವನು ಕೇಳುತ್ತಿದ್ದ. ತಮ್ಮ ಓಣಿಯಲ್ಲಿ ಇದ್ದವರು ಇಲ್ಲದವರಿಗೆ ಕೊಡುತ್ತಾರೆ, ಹಿರಿಯರು ಯಾರು ಕಿರಿಯರು ಯಾರು ಎಂದು ನೋಡುವುದಿಲ್ಲ ಎಂದು ನಾದಿನಿ ಅವನ ಕಡೆ ತಿರುಗದೆಯೇ ಹೇಳಿದಳು. ಅತ್ತಿಗೆ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡಳು, ಹೆಪ್ಪನ್ನು, ದಾರಿಯ ನೀರಿಗೆಂದು ತಂದು ಈಗ ಬರಿದಾಗಿದ್ದ ತನ್ನ ತಂಬಿಗೆಗೆ ಸುರಿದುಕೊಂಡಳು. ಬಟ್ಟಲು ಬರಿದಾಗಿ ಮರಳಬಾರದಲ್ಲ. ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ನಾದಿನಿ ಬಾಯಿ ಬಿಟ್ಟು ಕೇಳಿದ್ದ ಒಣಮೆಣಸಿನಕಾಯಿಗಳಿದ್ದವು. ಹೊಂಗೆಯಿಂದ ಹೊಂಗೆಗೆ ಆ ಮೆಣಸಿನಕಾಯಿಯ ಹೆಸರೆತ್ತಲೂ ಅವಳಿಗೆ ಅಂಜಿಕೆಯಾಗಿತ್ತು. ಬಟ್ಟಲ ತುಂಬ ಹಾಕಿ ಹೊಸ್ತಿಲ ಮೇಲಿಂದ ಈಚೆಗೆ ಚಾಚಿದಳು, ಕಣ್ಣೀರಿನ ನಡುವೆಯೇ ನಕ್ಕಳು, ಗಡಿಗೆ ತಂಬಿಗೆ ಎತ್ತಿಕೊಂಡು ದೋಣಿಯ ಕಡೆ ಮೆಟ್ಟಿಲಿಳಿದಳು.

ಬಾಗಿಲಿನವನು ಬತ್ತಿಯನ್ನು ಹಣತೆಗಿಟ್ಟು ದೀಪ ಹಚ್ಚಿದ. ಬೆಳಕು ಮೇಲಕ್ಕೆ ಹೋಯಿತು. ಗುಬ್ಬಚ್ಚಿ ಬೆದರಿ ಗೂಡು ಬಿಟ್ಟು ಹಾರಿತು.

"ಅಣ್ಣಾ, ಮೇಲೆ ನೋಡು," ಎಂದಳು ಹಾಲು ಚೆಲ್ಲುವವಳು.

ಅವನು ನೋಡಿದ. ಅರ್ಧ ಊರು ನೋಡಿತು. ಹೊರಗೆ ಕೊಟ್ಟವರು ಒಳಗಿನವರು. ಎಷ್ಟೋ ಜನ ಈ ಹೊಸ್ತಿಲು ದಾಟಿ ಒಳಗೆ ತಂದಿದ್ದರು, ಬೆಳೆಸಿದ್ದರು, ಹೋಲಿಸಿಕೊಂಡು ಮತ್ತೆ ಒಳಗೆ ಹೋಗಿದ್ದರು. ಬೆಳೆದದ್ದರಲ್ಲಿ ಒಂದು ಹಿಡಿಯನ್ನು ಹೊಸ್ತಿಲ ಆಚೆಗೆ ಯಾರೂ ಚಾಚಿರಲಿಲ್ಲ. ತಾಯಿ ಇನ್ನು ಆಚೆ ದಡದಲ್ಲಿಲ್ಲ, ಇಲ್ಲೇ ಬೀದಿಯ ಕೊನೆಯ ಒಲೆಯ ಮುಂದೆ ಇದ್ದಾಳೆ. ದೋಣಿಯಲ್ಲಿ ಹೋಗುತ್ತಿರುವುದು ಮಗಳು.

ಬಾಗಿಲಿನವನು ನೆಟ್ಟಗೆ ನಿಂತ, ಪೇಟ ಸರಿಮಾಡಿಕೊಂಡ, ಗಂಟಲು ಸರಿಮಾಡಿಕೊಂಡ. ಹೊರಗಿಂದ ಬಂದವರನ್ನು ಅವನು ಕೇಳದ ಪ್ರಶ್ನೆ ಅದು, ಅವನ ಬಾಯಿಗೆ ಅದರ ರೂಢಿಯಿರಲಿಲ್ಲ.

"ತಾಯೀ," ಎಂದ. "ನಿಮ್ಮ ಹೆಸರೇನು?"

ನಾದಿನಿ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಯಲ್ಲಿತ್ತು, ಅಲ್ಲಿಂದ ಇಳಿಯಲೊಲ್ಲದು. ಬಾಗಿಲಿನವನು ಕಾದ, ಊರು ಕಾಯಿತು. ಅಷ್ಟರಲ್ಲಿ ದೋಣಿ ದಡ ಬಿಟ್ಟಿತ್ತು. ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅತ್ತಿಗೆಗೆ ಮೇಲೆ ನಡೆದದ್ದೇನೂ ಗೊತ್ತಿರಲಿಲ್ಲ. ಆ ಗಡಿಗೆಯನ್ನು ಬೋರಲು ಹಾಕಬೇಕೆಂಬುದನ್ನೂ ಮರೆತು, ಓಣಿಯಲ್ಲಿ ಕೂಗುವ ಹಾಗೆಯೇ ಅವಳು ಹೊಳೆಯ ಮೇಲಿಂದ ದನಿ ಎತ್ತಿ ಕೂಗಿದಳು.

"ಸಾವಂತ್ರೀ, ಗಡಿಗಿಗೆ ಕಂಬಳಿ ಹೊಚ್ಚೂದು ಮರೀಬ್ಯಾಡಾ."

ಹೊಸ್ತಿಲ ಒಳಗಿನಿಂದ ಸಾವಂತ್ರಿ ಓ ಎಂದಳು.